ದೀಪಾವಳಿ ರಾತ್ರಿಯ ‘ನಾಸಾ ಚಿತ್ರ’ ಮತ್ತು ಮೋಡಗಳಿಗೆ ಕ್ಯಾಮೆರಾ ಹಿಡಿದ ಶಾಲಾ ಮೇಷ್ಟ್ರು

ದೀಪಾವಳಿ ಹತ್ತಿರ ಬಂತೆಂದರೆ ಒಂದು ಚಿತ್ರ ತಪ್ಪದೆ ನಿಮ್ಮ ಮೊಬೈಲ್‌ಗೆ ಬರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಭಾರತದ ಭೂಪಟ, ಅದರ ತುಂಬ ಬಿಳಿ, ನೀಲಿ, ಹಸಿರು, ಕೆಂಪು ಬಣ್ಣದ ಬೆಳಕಿನ ಚುಕ್ಕೆಗಳು. ಕೆಳಗೆ ‘ದೀಪಾವಳಿಯ ರಾತ್ರಿ ನಾಸಾ ಬಾಹ್ಯಾಕಾಶದಿಂದ ತೆಗೆದ ನಮ್ಮ ದೇಶದ ಚಿತ್ರ, ಎಲ್ಲರಿಗೂ ಕಳಿಸಿ’ ಎಂಬ ಸಾಲು. ನೋಡಲು ಚೆನ್ನಾಗಿದೆ, ಹೆಮ್ಮೆಯೂ ಆಗುತ್ತದೆ. ಆದರೆ ಅದು ದೀಪಾವಳಿಯ ಚಿತ್ರವಲ್ಲ.

ಈ ಸುಳ್ಳನ್ನು ಬಯಲು ಮಾಡಲು ನೆರವಾದ ಉಪಗ್ರಹದ ಹೆಸರು ‘ಸುವೊಮಿ’. ಹಳ್ಳಿ ಪಟ್ಟಣಗಳ ಶಾಲೆಯಲ್ಲಿ ವಿಜ್ಞಾನ ಪಾಠ ಹೇಳುತ್ತ ವೃತ್ತಿ ಆರಂಭಿಸಿ, ಕೊನೆಗೆ ಇಡೀ ಜಗತ್ತಿಗೆ ಮೋಡಗಳ ಓಟವನ್ನು ತೋರಿಸಿಕೊಟ್ಟ ಒಬ್ಬ ಅಮೆರಿಕನ್ ಮೇಷ್ಟ್ರ ಹೆಸರು ಅದು. ಈ ಲೇಖನದಲ್ಲಿ ಆ ಚಿತ್ರದ ಸತ್ಯವೇನು, ಆ ಮೇಷ್ಟ್ರು ಯಾರು, ಅವರ ಕೆಲಸಕ್ಕೂ ನಿಮ್ಮ ಮೊಬೈಲ್‌ಗೆ ಬರುವ ಮಳೆ, ಚಂಡಮಾರುತದ ಫಾರ್ವರ್ಡ್‌ಗಳಿಗೂ ಏನು ಸಂಬಂಧ ಎಂಬುದನ್ನು ನೋಡೋಣ.

ಸಂಕ್ಷಿಪ್ತವಾಗಿ

• ಬಣ್ಣಬಣ್ಣದ ಆ ‘ದೀಪಾವಳಿ ಚಿತ್ರ’ ಒಂದು ರಾತ್ರಿಯದ್ದಲ್ಲ. ಹಲವು ವರ್ಷಗಳ ಮಾಹಿತಿಯನ್ನು ಒಂದರ ಮೇಲೊಂದು ಇಟ್ಟು ತಯಾರಿಸಿದ ನಕ್ಷೆ.
• 2012ರ ದೀಪಾವಳಿಯ ಹೊತ್ತಿನ ನಿಜವಾದ ಚಿತ್ರವನ್ನು ತೆಗೆದದ್ದು ಸುವೊಮಿ ಎನ್‌ಪಿಪಿ ಉಪಗ್ರಹ. ಅದರಲ್ಲಿ ಹಬ್ಬದ ಬೆಳಕು ಪ್ರತ್ಯೇಕವಾಗಿ ಕಾಣುವುದೇ ಇಲ್ಲ.
• ವರ್ನರ್ ಸುವೊಮಿ (1915–1995) ಅವರನ್ನು ಉಪಗ್ರಹ ಹವಾಮಾನಶಾಸ್ತ್ರದ ಪಿತಾಮಹ ಎಂದು ಕರೆಯುತ್ತಾರೆ. ಟಿವಿಯಲ್ಲಿ ಮೋಡಗಳು ಚಲಿಸುವುದನ್ನು ನಾವು ಇಂದು ನೋಡುತ್ತಿದ್ದರೆ ಅದರ ಮೂಲದಲ್ಲಿ ಅವರ ಕ್ಯಾಮೆರಾ ಇದೆ.
• ಹವಾಮಾನದ ಫಾರ್ವರ್ಡ್ ಸುಳ್ಳೋ ನಿಜವೋ ಎಂದು ಪರೀಕ್ಷಿಸುವ ಕೆಲವು ಸುಲಭ ದಾರಿಗಳು ಲೇಖನದ ಕೊನೆಯ ಭಾಗದಲ್ಲಿವೆ.

ಆ ‘ದೀಪಾವಳಿ ಚಿತ್ರ’ ನಿಜಕ್ಕೂ ಏನು?

ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ವಿಜ್ಞಾನಿ ಕ್ರಿಸ್ ಎಲ್ವಿಜ್ ಅವರು 2003ರಲ್ಲಿ ಒಂದು ನಕ್ಷೆ ತಯಾರಿಸಿದರು. ಅಮೆರಿಕದ ರಕ್ಷಣಾ ಇಲಾಖೆಯ ಹವಾಮಾನ ಉಪಗ್ರಹಗಳು ರಾತ್ರಿ ಹೊತ್ತು ದಾಖಲಿಸಿದ ಬೆಳಕಿನ ಮಾಹಿತಿಯೇ ಅದಕ್ಕೆ ಆಧಾರ. ಭಾರತದಲ್ಲಿ ಪಟ್ಟಣಗಳು ಹೇಗೆ ಬೆಳೆದವು, ವಿದ್ಯುತ್ ದೀಪಗಳು ಎಲ್ಲೆಲ್ಲಿಗೆ ಹಬ್ಬಿದವು ಎಂದು ತೋರಿಸುವುದು ಆ ನಕ್ಷೆಯ ಉದ್ದೇಶ.

ಅದರಲ್ಲಿರುವ ಬಣ್ಣಗಳಿಗೆ ಅರ್ಥವಿದೆ. ಬಿಳಿ ಎಂದರೆ 1992ಕ್ಕೂ ಮೊದಲೇ ಬೆಳಕಿದ್ದ ಜಾಗ. ನೀಲಿ ಎಂದರೆ 1992ರಲ್ಲಿ ಕಾಣಿಸಿಕೊಂಡ ಬೆಳಕು. ಹಸಿರು 1998ರದ್ದು, ಕೆಂಪು 2003ರದ್ದು. ಅಂದರೆ ಹಸಿರು ಚುಕ್ಕೆ ಯಾವುದೋ ಪಟಾಕಿಯ ಬೆಳಕಲ್ಲ. ಅಲ್ಲೊಂದು ಊರು ದೊಡ್ಡದಾಯಿತು ಎಂಬ ಗುರುತು. ಇಂಥ ನಕ್ಷೆ ಮಾಡುವಾಗ ಒಂದೆರಡು ರಾತ್ರಿ ಮಾತ್ರ ಮಿಂಚಿ ಮರೆಯಾಗುವ ಬೆಳಕನ್ನು ಬೇಕೆಂದೇ ತೆಗೆದುಹಾಕುತ್ತಾರೆ. ಹಾಗಾಗಿ ದೀಪಾವಳಿಯ ಹಣತೆ, ಆಕಾಶಬುಟ್ಟಿಗಳಿಗೆ ಅದರಲ್ಲಿ ಜಾಗವೇ ಇಲ್ಲ.

ಈ ನಕ್ಷೆ ದೀಪಾವಳಿಯ ಹೆಸರಿನಲ್ಲಿ ಹರಿದಾಡುತ್ತಲೇ ಇತ್ತು. ಕೊನೆಗೆ 2012ರಲ್ಲಿ ನಾಸಾ ತಾನೇ ಸ್ಪಷ್ಟನೆ ಕೊಟ್ಟಿತು. ಆ ವರ್ಷದ ನವೆಂಬರ್ 12ರ ರಾತ್ರಿ ಸುವೊಮಿ ಎನ್‌ಪಿಪಿ ಉಪಗ್ರಹ ತೆಗೆದ ದಕ್ಷಿಣ ಏಷ್ಯಾದ ಚಿತ್ರವನ್ನು ಪ್ರಕಟಿಸಿತು. ಅದರಲ್ಲಿ ಬೆಂಗಳೂರು, ಮುಂಬೈ, ದೆಹಲಿಯಂಥ ಊರುಗಳು ಎಂದಿನಂತೆ ಬೆಳಗುತ್ತಿವೆ. ಹಬ್ಬಕ್ಕಾಗಿ ಹಚ್ಚಿದ ಹೆಚ್ಚುವರಿ ದೀಪಗಳ ಬೆಳಕು ಎಷ್ಟು ಕಡಿಮೆ ಎಂದರೆ, ಬಾಹ್ಯಾಕಾಶದಿಂದ ಅದನ್ನು ಬೇರೆಯಾಗಿ ಗುರುತಿಸಲು ಆಗುವುದಿಲ್ಲ.

ಇನ್ನೊಂದು ಸಣ್ಣ ಸಂಗತಿಯನ್ನೂ ಗಮನಿಸಿ. ಸುವೊಮಿ ಎನ್‌ಪಿಪಿ ನಮ್ಮ ತಲೆಯ ಮೇಲೆ ಹಾಯುವುದು ರಾತ್ರಿ ಸುಮಾರು 1:30ರ ಹೊತ್ತಿಗೆ. ಅಷ್ಟರಲ್ಲಿ ನಮ್ಮ ಮನೆಗಳ ಹಣತೆಯ ಎಣ್ಣೆ ತೀರಿ, ಮಕ್ಕಳೆಲ್ಲ ಮಲಗಿರುತ್ತಾರೆ.

ಸುವೊಮಿ ಯಾರು?

ವರ್ನರ್ ಸುವೊಮಿ ಹುಟ್ಟಿದ್ದು 1915ರ ಡಿಸೆಂಬರ್ 6ರಂದು, ಅಮೆರಿಕದ ಮಿನ್ನೆಸೋಟ ರಾಜ್ಯದ ಎವೆಲೆತ್ ಎಂಬ ಕಬ್ಬಿಣದ ಅದಿರಿನ ಗಣಿ ಊರಿನಲ್ಲಿ. ಫಿನ್ಲೆಂಡ್ ಮೂಲದ ಕುಟುಂಬ. ಫಿನ್ನಿಷ್ ಭಾಷೆಯಲ್ಲಿ ‘ಸುವೊಮಿ’ ಎಂದರೆ ಫಿನ್ಲೆಂಡ್ ಎಂದೇ ಅರ್ಥ.

ಅವರು ಓದಿದ್ದು ವಿನೋನಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ. 1938ರಲ್ಲಿ ಅಲ್ಲಿಂದ ಹೊರಬಂದು ಮಿನ್ನೆಸೋಟದ ಪ್ರೌಢಶಾಲೆಗಳಲ್ಲಿ ವಿಜ್ಞಾನ ಮೇಷ್ಟ್ರಾದರು. ಆಗ ಎರಡನೇ ಮಹಾಯುದ್ಧದ ಕಾಲ. ನಾಗರಿಕ ವಿಮಾನ ಪಡೆ ನಡೆಸುತ್ತಿದ್ದ ತರಗತಿಯೊಂದರಲ್ಲಿ ಅವರಿಗೆ ಹವಾಮಾನಶಾಸ್ತ್ರದ ಪರಿಚಯವಾಯಿತು. ವಿಮಾನ ಹಾರಿಸುವವರಿಗೆ ಗಾಳಿ, ಮೋಡ, ಮಂಜಿನ ಬಗ್ಗೆ ಗೊತ್ತಿರಲೇಬೇಕಲ್ಲ. ಆ ವಿಷಯ ಮೇಷ್ಟ್ರನ್ನು ಹಿಡಿದುಬಿಟ್ಟಿತು.

ಅವರು ಶಿಕಾಗೊ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಕಾರ್ಲ್-ಗುಸ್ತಾವ್ ರಾಸ್‌ಬಿ ಎಂಬ ಪ್ರಸಿದ್ಧ ವಿಜ್ಞಾನಿ ಯುದ್ಧಕ್ಕಾಗಿ ಹವಾಮಾನ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದರು. ಸುವೊಮಿ ಅಲ್ಲಿ ಕಲಿಯುತ್ತಲೇ ಕಲಿಸುವ ಕೆಲಸವನ್ನೂ ಮಾಡಿದರು. 1948ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಆರಂಭವಾಗಿದ್ದ ಹವಾಮಾನ ವಿಭಾಗ ಸೇರಿದರು. ಮುಂದಿನ ವೃತ್ತಿಜೀವನವೆಲ್ಲ ಮ್ಯಾಡಿಸನ್ ನಗರದ ಅದೇ ವಿಶ್ವವಿದ್ಯಾಲಯದಲ್ಲಿ ಕಳೆಯಿತು. ನಡುವೆ ಒಂದು ವರ್ಷ ಅಮೆರಿಕದ ಹವಾಮಾನ ಇಲಾಖೆಯ ಮುಖ್ಯ ವಿಜ್ಞಾನಿಯಾಗಿದ್ದರು. 1965ರಲ್ಲಿ ರಾಬರ್ಟ್ ಪೇರೆಂಟ್ ಎಂಬ ಎಂಜಿನಿಯರ್ ಜೊತೆ ಸೇರಿ ಅಲ್ಲಿ ಬಾಹ್ಯಾಕಾಶ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವನ್ನು ಕಟ್ಟಿದರು.

ಗೋವಿನಜೋಳದ ಹೊಲದಿಂದ ಇಡೀ ಭೂಮಿಯ ಲೆಕ್ಕಕ್ಕೆ

ಸುವೊಮಿ ಪಿಎಚ್‌ಡಿ ಮಾಡಿದ್ದು ಯಾವ ವಿಷಯದ ಮೇಲೆ ಗೊತ್ತೇ? ಗೋವಿನಜೋಳದ (ಮೆಕ್ಕೆಜೋಳದ) ಹೊಲದ ಮೇಲೆ! ಹೊಲಕ್ಕೆ ಬಿಸಿಲಿನಿಂದ ಎಷ್ಟು ಶಾಖ ಬರುತ್ತದೆ, ಅದರಲ್ಲಿ ಎಷ್ಟು ವಾಪಸ್ ಹೋಗುತ್ತದೆ, ಎಷ್ಟು ನೀರನ್ನು ಆವಿ ಮಾಡಲು ಖರ್ಚಾಗುತ್ತದೆ, ಎಷ್ಟು ಮಣ್ಣಿನಲ್ಲಿ ಉಳಿಯುತ್ತದೆ ಎಂಬ ಲೆಕ್ಕ. ಮನೆಯ ಜಮಾಖರ್ಚಿನ ಪುಸ್ತಕವಿದ್ದಂತೆ ಶಾಖದ ಜಮಾಖರ್ಚು. 1953ರಲ್ಲಿ ಅವರಿಗೆ ಪದವಿ ಬಂತು.

ಒಂದು ಹೊಲಕ್ಕೆ ಮಾಡಬಹುದಾದ ಲೆಕ್ಕವನ್ನು ಇಡೀ ಭೂಮಿಗೇ ಯಾಕೆ ಮಾಡಬಾರದು? ಭೂಮಿಗೆ ಶಾಖದ ವರಮಾನ ಬರುವುದು ಸೂರ್ಯನಿಂದ. ಖರ್ಚು ಎರಡು ಬಗೆ: ಮೋಡ, ಹಿಮ, ಮರಳುಗಾಡುಗಳು ಪ್ರತಿಫಲಿಸುವ ಬಿಸಿಲು ಒಂದು, ಭೂಮಿ ತಾನೇ ಹೊರಸೂಸುವ ಶಾಖ ಇನ್ನೊಂದು. ಆದರೆ ಇದನ್ನು ಅಳೆಯಲು ಭೂಮಿಯ ಹೊರಗೆ ನಿಲ್ಲಬೇಕು. 1957ರಲ್ಲಿ ಸ್ಪುಟ್ನಿಕ್ ಹಾರಿ ಉಪಗ್ರಹಗಳ ಯುಗ ಆರಂಭವಾದಾಗ ಸುವೊಮಿಗೆ ಆ ದಾರಿ ತೆರೆಯಿತು.

ಅವರು ಮತ್ತು ಪೇರೆಂಟ್ ಮಾಡಿದ ಉಪಕರಣ ನೋಡಲು ತೀರಾ ಸರಳ. ಸಣ್ಣ ಅರ್ಧಗೋಲಗಳು, ಕೆಲವಕ್ಕೆ ಕಪ್ಪು ಬಣ್ಣ, ಕೆಲವಕ್ಕೆ ಬಿಳಿ ಬಣ್ಣ. ಬೇಸಿಗೆಯಲ್ಲಿ ಕಪ್ಪು ಛತ್ರಿ ಬೇಗ ಕಾಯುತ್ತದೆ, ಬಿಳಿ ಬಟ್ಟೆ ಅಷ್ಟು ಕಾಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಅದೇ ತತ್ವ. ಕಪ್ಪು ಅರ್ಧಗೋಲ ಬಿಸಿಲನ್ನೂ ಭೂಮಿಯ ಶಾಖವನ್ನೂ ಹೀರುತ್ತದೆ. ಬಿಳಿಯದು ಬಿಸಿಲನ್ನು ಹಿಂದಕ್ಕೆ ಕಳಿಸಿ ಭೂಮಿಯ ಶಾಖವನ್ನು ಮಾತ್ರ ಹೀರುತ್ತದೆ. ಎರಡರ ಉಷ್ಣತೆಯ ವ್ಯತ್ಯಾಸ ನೋಡಿದರೆ ಲೆಕ್ಕ ಸಿಗುತ್ತದೆ.

ಮೊದಲು ನಡೆದ ಉಡಾವಣೆಯ ಪ್ರಯತ್ನಗಳು ಕೈಕೊಟ್ಟವು. 1959ರ ಅಕ್ಟೋಬರ್ 13ರಂದು ಎಕ್ಸ್‌ಪ್ಲೋರರ್-7 ಯಶಸ್ವಿಯಾಗಿ ಹಾರಿತು. ಬಾಹ್ಯಾಕಾಶದಿಂದ ಭೂಮಿಯ ಶಾಖದ ಲೆಕ್ಕ ತೆಗೆದ ಮೊದಲ ಯಶಸ್ವಿ ಪ್ರಯೋಗ ಅದು. ಮುಂದಿನ ವರ್ಷಗಳಲ್ಲಿ ಇಂಥದೇ ಅಳತೆಗಳಿಂದ ಒಂದು ಮುಖ್ಯ ಸಂಗತಿ ತಿಳಿಯಿತು. ಭೂಮಿ ತನ್ನ ಮೇಲೆ ಬೀಳುವ ಬಿಸಿಲಿನಲ್ಲಿ ಸುಮಾರು ಶೇ 30ರಷ್ಟನ್ನು ಪ್ರತಿಫಲಿಸುತ್ತದೆ. ಇದು ವಿಜ್ಞಾನಿಗಳು ಅದುವರೆಗೆ ಅಂದುಕೊಂಡಿದ್ದಕ್ಕಿಂತ ಕಡಿಮೆ. ಅಂದರೆ ಭೂಮಿ ಹೀರಿಕೊಳ್ಳುವ ಶಾಖ ಅಂದಾಜಿಗಿಂತ ಹೆಚ್ಚು. ಹವಾಮಾನ ಬದಲಾವಣೆಯ ಲೆಕ್ಕಗಳಿಗೆಲ್ಲ ಇಂದಿಗೂ ಇಂಥ ಅಳತೆಯೇ ಬುನಾದಿ.

ಬುಗುರಿಯಂತೆ ತಿರುಗುವ ಉಪಗ್ರಹದಿಂದ ಫೋಟೊ ತೆಗೆಯುವುದು ಹೇಗೆ?

ಮೊದಲ ಹವಾಮಾನ ಉಪಗ್ರಹ ಟೈರೋಸ್-1 ಹಾರಿದ್ದು 1960ರ ಏಪ್ರಿಲ್ 1ರಂದು. ಅದು ಭೂಮಿಗೆ ಹತ್ತಿರದಲ್ಲಿ ಸುತ್ತುತ್ತ ಮೋಡಗಳ ಚಿತ್ರ ಕಳಿಸಿತು. ದೊಡ್ಡ ಸಾಧನೆಯೇ. ಆದರೆ ಒಂದು ಊರಿನ ಮೇಲೆ ಅದು ಹಾಯುವುದು ಕೆಲವೇ ನಿಮಿಷ, ಮತ್ತೆ ಬರುವುದು ಎಷ್ಟೋ ಹೊತ್ತಿನ ಮೇಲೆ. ಕ್ರಿಕೆಟ್ ಪಂದ್ಯವನ್ನು ಮೊದಲ ಓವರಿನ ಒಂದು ಫೋಟೊ, ಕೊನೆಯ ಓವರಿನ ಒಂದು ಫೋಟೊ ನೋಡಿ ಅರ್ಥ ಮಾಡಿಕೊಳ್ಳಲು ಹೊರಟಂತೆ.

ಇದಕ್ಕೆ ಪರಿಹಾರ ಭೂಸ್ಥಿರ ಕಕ್ಷೆ. ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿ ಉಪಗ್ರಹ ಇಟ್ಟರೆ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅದೂ ಸುತ್ತುತ್ತದೆ. ಕೆಳಗಿನಿಂದ ನೋಡಿದವರಿಗೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಅಲ್ಲಿ ಕ್ಯಾಮೆರಾ ಇಟ್ಟರೆ ಭೂಮಿಯ ಒಂದು ಮಗ್ಗುಲನ್ನು ಸದಾ ನೋಡುತ್ತಿರಬಹುದು.

ತೊಂದರೆ ಏನೆಂದರೆ, ಆ ಕಾಲದ ಉಪಗ್ರಹಗಳು ಅಲ್ಲಾಡದೆ ನೆಟ್ಟಗೆ ನಿಲ್ಲಲು ಬುಗುರಿಯಂತೆ ಗಿರಗಿರನೆ ತಿರುಗಬೇಕಿತ್ತು. ನಿಮಿಷಕ್ಕೆ ಸುಮಾರು 100 ಸುತ್ತು. ಹಾಗೆ ತಿರುಗುವ ವಸ್ತುವಿನ ಮೇಲೆ ಕೂತು ಫೋಟೊ ತೆಗೆದರೆ ಏನು ಬಂದೀತು?

ಸುವೊಮಿ ಮತ್ತು ಪೇರೆಂಟ್ ಆ ತಿರುಗಾಟವನ್ನೇ ಕೆಲಸಕ್ಕೆ ಹಚ್ಚಿದರು. ಉಪಗ್ರಹ ಒಂದು ಸುತ್ತು ತಿರುಗುವಾಗ ಕ್ಯಾಮೆರಾ ಭೂಮಿಯ ಮೇಲೆ ಒಂದು ತೆಳುವಾದ ಅಡ್ಡಗೆರೆಯನ್ನು ಮಾತ್ರ ನೋಡುತ್ತದೆ. ಮುಂದಿನ ಸುತ್ತಿಗೆ ಕ್ಯಾಮೆರಾ ಕೂದಲೆಳೆಯಷ್ಟು ವಾಲಿ, ಅದರ ಪಕ್ಕದ ಗೆರೆಯನ್ನು ನೋಡುತ್ತದೆ. ಮಗ್ಗದಲ್ಲಿ ಲಾಳಿ ಒಮ್ಮೆ ಹೋದರೆ ಒಂದು ಎಳೆ, ಮತ್ತೊಮ್ಮೆ ಬಂದರೆ ಇನ್ನೊಂದು ಎಳೆ. ಹೀಗೆ ಸೀರೆ ತಯಾರಾದಂತೆ ಸುಮಾರು 2,000 ಗೆರೆಗಳು ಸೇರಿ ಭೂಮಿಯ ಪೂರ್ತಿ ಚಿತ್ರ ತಯಾರು. ನಿಮಿಷಕ್ಕೆ 100 ಸುತ್ತು ಎಂದರೆ 20 ನಿಮಿಷದಲ್ಲಿ ಒಂದು ಚಿತ್ರ.

1966ರ ಡಿಸೆಂಬರ್‌ನಲ್ಲಿ ಎಟಿಎಸ್-1 ಉಪಗ್ರಹದ ಜೊತೆ ಈ ಕ್ಯಾಮೆರಾ ಪೆಸಿಫಿಕ್ ಸಾಗರದ ಮೇಲೆ ನೆಲೆ ನಿಂತಿತು. ಮರುವರ್ಷ ಎಟಿಎಸ್-3ರಿಂದ ಬಣ್ಣದ ಚಿತ್ರಗಳೂ ಬಂದವು. ಮುಂದೆ ಅಮೆರಿಕದ ಗೋಸ್, ಯುರೋಪಿನ ಮೀಟಿಯೊಸ್ಯಾಟ್, ಜಪಾನಿನ ಹಿಮವಾರಿ ಸರಣಿಯ ಮೊದಲ ಉಪಗ್ರಹಗಳು ಇದೇ ‘ತಿರುಗುತ್ತ ನೋಡುವ’ ವಿಧಾನವನ್ನು ಅನುಸರಿಸಿದವು.

ಮೋಡ ಓಡುವುದನ್ನು ನೋಡಿದರೆ ಏನು ಲಾಭ?

ಒಂದೇ ಜಾಗದಿಂದ ಮತ್ತೆ ಮತ್ತೆ ತೆಗೆದ ಚಿತ್ರಗಳನ್ನು ಸಿನಿಮಾ ರೀಲಿನಂತೆ ಓಡಿಸಿದರೆ ಮೋಡಗಳು ಚಲಿಸುವುದು ಕಾಣುತ್ತದೆ. ಮೋಡವನ್ನು ಹೊತ್ತೊಯ್ಯುವುದು ಗಾಳಿ. ಹಾಗಾಗಿ ಒಂದು ಮೋಡ ಅರ್ಧ ಗಂಟೆಯಲ್ಲಿ ಎಷ್ಟು ದೂರ ಹೋಯಿತು ಎಂದು ಅಳೆದರೆ ಆ ಎತ್ತರದ ಗಾಳಿಯ ವೇಗ, ದಿಕ್ಕು ಎರಡೂ ಗೊತ್ತಾಗುತ್ತವೆ.

ನೆಲದ ಮೇಲಾದರೆ ಹವಾಮಾನ ಕೇಂದ್ರಗಳಿವೆ, ಬಲೂನು ಹಾರಿಸುತ್ತಾರೆ. ಸಮುದ್ರದ ನಡುವೆ ಯಾರಿದ್ದಾರೆ? ಅರಬ್ಬಿ ಸಮುದ್ರದಲ್ಲಿ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಲ್ಲಿ ಹುಟ್ಟಿತು, ಎತ್ತ ಸಾಗುತ್ತಿದೆ ಎಂದು ಮೊದಲು ಗೊತ್ತಾಗುತ್ತಿದ್ದುದು ಅಲ್ಲಿ ಸಿಕ್ಕಿಬಿದ್ದ ಹಡಗಿನವರಿಂದ. ಈಗ ಚಂಡಮಾರುತ ಹುಟ್ಟುವ ಮೊದಲೇ, ಮೋಡಗಳು ಸುರುಳಿ ಸುತ್ತತೊಡಗಿದಾಗಲೇ ಅದು ಕಣ್ಣಿಗೆ ಬೀಳುತ್ತದೆ.

ಪರದೆಯ ಮೇಲೆ ಬಂದ ಹವಾಮಾನ ಪಾಠ

ಚಿತ್ರಗಳೇನೋ ಬಂದವು, ಆದರೆ ರಾಶಿ ರಾಶಿ ಬಂದವು. ಕಾಗದದ ಮೇಲೆ ಮುದ್ರಿಸಿ, ಅಳತೆಪಟ್ಟಿ ಹಿಡಿದು ಮೋಡ ಅಳೆಯುತ್ತ ಕೂತರೆ ಮುಗಿಯುವ ಕೆಲಸವಲ್ಲ. 1970ರ ದಶಕದ ಆರಂಭದಲ್ಲಿ ಸುವೊಮಿಯವರ ತಂಡ ‘ಮೆಕಿಡಾಸ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಕಟ್ಟಿತು. ಉಪಗ್ರಹದ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಅದರ ಮೇಲೆ ಗಾಳಿ, ಉಷ್ಣತೆಯ ಅಂಕಿಗಳನ್ನು ಕೂರಿಸಬಹುದು. ಚಿತ್ರಗಳನ್ನು ಓಡಿಸಬಹುದು, ನಿಲ್ಲಿಸಬಹುದು, ಒಂದು ಮೋಡವನ್ನು ಹಿಡಿದು ಅಳೆಯಬಹುದು. ಮನುಷ್ಯನ ಕಣ್ಣಿನ ಜಾಣ್ಮೆ ಮತ್ತು ಕಂಪ್ಯೂಟರಿನ ವೇಗ ಎರಡನ್ನೂ ಜೋಡಿಸಿದ ವ್ಯವಸ್ಥೆ ಅದು. ಇಂದು ನಿಮ್ಮ ಮೊಬೈಲ್‌ನ ಹವಾಮಾನ ಆ್ಯಪ್‌ನಲ್ಲಿ ಬೆರಳಾಡಿಸಿ ಮೋಡ ನೋಡುತ್ತೀರಲ್ಲ, ಅದರ ಹಿರಿಯಜ್ಜ ಇದೇ.

ಮೆಕಿಡಾಸ್ ಮುನ್ಸೂಚನೆ ನೀಡುವವರಿಗೆ ಮಾತ್ರ ಸೀಮಿತವಾಗಲಿಲ್ಲ. ವಿಶ್ವವಿದ್ಯಾಲಯಗಳ ತರಗತಿಗಳಿಗೂ ಹೋಯಿತು. ಪುಸ್ತಕದಲ್ಲಿ ಹತ್ತು ವರ್ಷ ಹಳೆಯ ಚಂಡಮಾರುತದ ಚಿತ್ರ ನೋಡುವ ಬದಲು, ವಿದ್ಯಾರ್ಥಿಗಳು ಅಂದಿನ ದಿನವೇ ಹೊರಗೆ ಏನು ನಡೆಯುತ್ತಿದೆಯೋ ಅದನ್ನೇ ಪಾಠವಾಗಿ ಓದತೊಡಗಿದರು.

ಶಾಲೆಗಳಲ್ಲೂ ಇಂಥದೇ ಬದಲಾವಣೆ ಬೇರೆ ದಾರಿಯಿಂದ ಬಂತು. 1963ರ ಡಿಸೆಂಬರ್‌ನಲ್ಲಿ ಹಾರಿದ ಟೈರೋಸ್-8 ಉಪಗ್ರಹ ತಾನು ತೆಗೆದ ಚಿತ್ರವನ್ನು ಆಗಿಂದಾಗಲೇ ರೇಡಿಯೊ ಸಂಕೇತವಾಗಿ ಕೆಳಗೆ ಬಿಡುತ್ತಿತ್ತು. ಯಾರು ಬೇಕಾದರೂ ಹಿಡಿದುಕೊಳ್ಳಬಹುದು, ಕಾಸು ಕೊಡಬೇಕಿಲ್ಲ. ಹಲವು ದೇಶಗಳ ವಿಜ್ಞಾನ ಮೇಷ್ಟ್ರುಗಳು ಮಕ್ಕಳ ಜೊತೆ ಸೇರಿ ಶಾಲೆಯ ಮಾಳಿಗೆ ಮೇಲೆ ಆಂಟೆನಾ ಕಟ್ಟಿ, ತಲೆಯ ಮೇಲೆ ಹಾದುಹೋಗುವ ಉಪಗ್ರಹದಿಂದ ನೇರವಾಗಿ ಮೋಡದ ಚಿತ್ರ ಇಳಿಸಿಕೊಂಡರು. ಈ ಸೇವೆ ಆರು ದಶಕ ನಡೆಯಿತು. ಇದನ್ನು ಒದಗಿಸುತ್ತಿದ್ದ ಅಮೆರಿಕದ ಕೊನೆಯ ಮೂರು ಹಳೆಯ ಉಪಗ್ರಹಗಳು 2025ರಲ್ಲಿ ನಿವೃತ್ತಿಯಾದವು.

ಕರ್ನಾಟಕಕ್ಕೆ ಇದರ ನಂಟೇನು?

ನಂಟು ಇದೆ, ಒಂದಲ್ಲ ಮೂರು.

ಮೊದಲನೆಯದು 1975ರ ‘ಸೈಟ್’ ಪ್ರಯೋಗ. ಸುವೊಮಿಯವರ ಕ್ಯಾಮೆರಾ ಹೊತ್ತ ಎಟಿಎಸ್ ಸರಣಿಯದೇ ಆರನೆಯ ಉಪಗ್ರಹವನ್ನು ಅಮೆರಿಕ ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲು ಕೊಟ್ಟಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅದರ ಮೂಲಕ ಟಿವಿ ಕಾರ್ಯಕ್ರಮ ಪ್ರಸಾರವಾಯಿತು. ಕರ್ನಾಟಕದಲ್ಲಿ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾಗಿದ್ದವು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಆಂಟೆನಾ. ಬೆಳಿಗ್ಗೆ ಶಾಲಾ ಮಕ್ಕಳಿಗೆ ವಿಜ್ಞಾನದ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ. ಶಿಕ್ಷಕರ ತರಬೇತಿಯೂ ಇದರಲ್ಲೇ ನಡೆಯಿತು. ತರಗತಿಗೆ ತಂತ್ರಜ್ಞಾನ ತರುವ ಪ್ರಯತ್ನಗಳಲ್ಲಿ ಜಗತ್ತೇ ತಿರುಗಿ ನೋಡಿದ ಪ್ರಯೋಗ ಅದು.

ಎರಡನೆಯದು ಮುಂಗಾರು. 1979ರಲ್ಲಿ ಹಲವು ದೇಶಗಳು ಸೇರಿ ಮುಂಗಾರಿನ ಅಧ್ಯಯನ ನಡೆಸಿದವು. ಆಗ ಅಮೆರಿಕದ ಗೋಸ್-1 ಉಪಗ್ರಹವನ್ನು ಹಿಂದೂ ಮಹಾಸಾಗರದ ಮೇಲಕ್ಕೆ ಸರಿಸಲಾಯಿತು. ಅದರ ಚಿತ್ರಗಳಲ್ಲಿ ಮೋಡಗಳ ಬೆನ್ನು ಹತ್ತಿ ಅರಬ್ಬಿ ಸಮುದ್ರದ ಗಾಳಿಯನ್ನು ಲೆಕ್ಕ ಹಾಕಿದ್ದು ಸುವೊಮಿ ಕಟ್ಟಿದ ವಿಸ್ಕಾನ್ಸಿನ್ ಕೇಂದ್ರ. ನಮಗೆ ಮಳೆ ತರುವ ನೈಋತ್ಯ ಗಾಳಿ ಸಮುದ್ರದ ಮೇಲೆ ಹೇಗೆ ಬೀಸುತ್ತದೆ ಎಂಬುದು ಹೀಗೆ ವಿವರವಾಗಿ ದಾಖಲಾಯಿತು.

ಮೂರನೆಯದು ಹಾಸನ. 1983ರ ಆಗಸ್ಟ್‌ನಲ್ಲಿ ಹಾರಿದ ಇನ್ಸಾಟ್-1ಬಿ ದೂರವಾಣಿ, ಟಿವಿ ಜೊತೆಗೆ ಹವಾಮಾನದ ಕ್ಯಾಮೆರಾವನ್ನೂ ಹೊತ್ತಿತ್ತು. ನಮ್ಮ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೊದ ಮುಖ್ಯ ಕೇಂದ್ರ ಇರುವುದು ಹಾಸನದಲ್ಲಿ. ಉಪಗ್ರಹಗಳು ತಯಾರಾಗುವುದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಇನ್ಸಾಟ್‌ಗಳು ಬುಗುರಿಯಂತೆ ತಿರುಗುವುದಿಲ್ಲ, ಅವುಗಳ ತಂತ್ರಜ್ಞಾನ ಬೇರೆ. ಆದರೆ ಒಂದೇ ಕಡೆ ನಿಂತು ಮೋಡಗಳನ್ನು ಕಾಯುವ ಆಲೋಚನೆ ಅದೇ. 2013ರ ಇನ್ಸಾಟ್-3ಡಿ, 2016ರ 3ಡಿಆರ್, 2024ರ ಫೆಬ್ರುವರಿಯಲ್ಲಿ ಹಾರಿದ 3ಡಿಎಸ್ ಈ ಸಾಲಿನವು.

ಚಿತ್ರ ಇದ್ದರೆ ಸಾಕೇ?

ಸಾಲದು. ಇದನ್ನು ಜಗತ್ತು ಕಲಿತದ್ದು ತುಂಬ ದುಬಾರಿ ಬೆಲೆ ತೆತ್ತು.

1970ರ ನವೆಂಬರ್ 12ರ ರಾತ್ರಿ ಇಂದಿನ ಬಾಂಗ್ಲಾದೇಶದ ಕರಾವಳಿಗೆ ಭೋಲಾ ಚಂಡಮಾರುತ ಅಪ್ಪಳಿಸಿತು. ಸತ್ತವರು 3ರಿಂದ 5 ಲಕ್ಷ ಎಂದು ಅಂದಾಜು. ಉಪಗ್ರಹದ ಕಣ್ಣಿಗೆ ಆ ಚಂಡಮಾರುತ ಮೊದಲೇ ಬಿದ್ದಿತ್ತು. ಆದರೆ ಎಚ್ಚರಿಕೆ ಸರಿಯಾದ ರೀತಿಯಲ್ಲಿ, ಸರಿಯಾದ ಹೊತ್ತಿಗೆ ದ್ವೀಪಗಳ ಜನರಿಗೆ ತಲುಪಲಿಲ್ಲ. 1999ರ ಒಡಿಶಾದ ಮಹಾ ಚಂಡಮಾರುತದಲ್ಲಿ ಸುಮಾರು 10 ಸಾವಿರ ಜನ ಜೀವ ಕಳೆದುಕೊಂಡರು.

2013ರ ಅಕ್ಟೋಬರ್‌ನಲ್ಲಿ ಅದೇ ಒಡಿಶಾಕ್ಕೆ ಫೈಲಿನ್ ಎಂಬ ಭಾರಿ ಚಂಡಮಾರುತ ಬಂತು. ಈ ಸಲ ಮುನ್ಸೂಚನೆ ಸರಿಯಾಗಿತ್ತು, ಅದು ಹಳ್ಳಿ ಹಳ್ಳಿಗೆ ಮುಟ್ಟಿತು, ಜನ ನಂಬಿದರು. ಸುಮಾರು 10 ಲಕ್ಷ ಜನರನ್ನು ಮೊದಲೇ ಸುರಕ್ಷಿತ ಜಾಗಗಳಿಗೆ ಸಾಗಿಸಲಾಯಿತು. ಸಾವಿನ ಸಂಖ್ಯೆ ಸಾವಿರಗಳಿಂದ ಹತ್ತಾರಕ್ಕೆ ಇಳಿಯಿತು.

ಉಪಗ್ರಹ ನೋಡಬೇಕು, ವಿಜ್ಞಾನಿ ಅರ್ಥ ಮಾಡಿಕೊಳ್ಳಬೇಕು, ಸಂದೇಶ ಜನರಿಗೆ ಮುಟ್ಟಬೇಕು, ಜನ ಅದನ್ನು ನಂಬಬೇಕು. ಈ ಸರಪಳಿಯ ಕೊನೆಯ ಕೊಂಡಿ ಇರುವುದು ನಮ್ಮ ಕೈಯಲ್ಲಿ. ಸುಳ್ಳು ಚಿತ್ರ, ಸುಳ್ಳು ‘ರೆಡ್ ಅಲರ್ಟ್’ಗಳನ್ನು ಪದೇ ಪದೇ ಹಂಚಿದರೆ ‘ತೋಳ ಬಂತು ತೋಳ’ ಕಥೆಯಂತೆ ನಿಜವಾದ ಎಚ್ಚರಿಕೆ ಬಂದಾಗಲೂ ಜನ ಉಡಾಫೆ ಮಾಡುತ್ತಾರೆ. ದೀಪಾವಳಿಯ ಚಿತ್ರದಿಂದ ಯಾರ ಜೀವಕ್ಕೂ ಅಪಾಯವಿಲ್ಲ, ನಿಜ. ಮಳೆಗಾಲದಲ್ಲಿ ಬರುವ ಫಾರ್ವರ್ಡ್‌ಗಳ ವಿಷಯ ಹಾಗಲ್ಲ.

ಫಾರ್ವರ್ಡ್ ಮಾಡುವ ಮೊದಲು ಹೀಗೆ ಪರೀಕ್ಷಿಸಿ

1. ಸುರುಳಿ ಯಾವ ಕಡೆಗೆ ತಿರುಗಿದೆ? ಭೂಮಿಯ ಉತ್ತರಾರ್ಧದಲ್ಲಿ ಚಂಡಮಾರುತಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತವೆ. ‘ಅರಬ್ಬಿ ಸಮುದ್ರದ ಚಂಡಮಾರುತ’ ಎಂದು ಬಂದ ವಿಡಿಯೊದಲ್ಲಿ ಮೋಡಗಳು ಗಡಿಯಾರದ ಮುಳ್ಳಿನಂತೆ ಸುತ್ತುತ್ತಿದ್ದರೆ, ಅದು ದಕ್ಷಿಣಾರ್ಧದ ಯಾವುದೋ ಚಂಡಮಾರುತ ಅಥವಾ ತಿರುವುಮುರುವು ಮಾಡಿದ ಚಿತ್ರ.

2. ದಿನಾಂಕ, ಸಮಯ ಇದೆಯೇ? ಇನ್ಸಾಟ್‌ನ ಅಸಲಿ ಚಿತ್ರದಲ್ಲಿ ಎರಡೂ ಇರುತ್ತವೆ. ಸಮಯವನ್ನು ಯುಟಿಸಿ ಅಥವಾ ಜಿಎಂಟಿ ಎಂದು ಕೊಟ್ಟಿದ್ದರೆ ಅದಕ್ಕೆ ಐದೂವರೆ ಗಂಟೆ ಸೇರಿಸಿ, ನಮ್ಮ ಸಮಯ ಸಿಗುತ್ತದೆ. ಅಂಚು ಕತ್ತರಿಸಿ ದಿನಾಂಕ ಮಾಯ ಮಾಡಿದ ಚಿತ್ರವನ್ನು ನಂಬಬೇಡಿ.

3. ಅದು ಚಿತ್ರವೋ, ಮುನ್ಸೂಚನೆಯೋ? ವಿಂಡಿಯಂಥ ಆ್ಯಪ್‌ಗಳಲ್ಲಿ ಕಾಣುವ ಬಣ್ಣದ ಗಾಳಿ ನಕ್ಷೆಗಳು ಹೆಚ್ಚಾಗಿ ಕಂಪ್ಯೂಟರ್ ಲೆಕ್ಕದ ಮುನ್ಸೂಚನೆಗಳು. ಹತ್ತು ದಿನದ ಆಚೆಗಿನ ಅಂಥ ನಕ್ಷೆಯ ಸ್ಕ್ರೀನ್‌ಶಾಟ್ ಕಳಿಸಿ ‘ಚಂಡಮಾರುತ ಬರುತ್ತಿದೆ’ ಎಂದರೆ ಅದಕ್ಕೆ ಆಧಾರ ಕಡಿಮೆ.

4. ಎಚ್ಚರಿಕೆಯ ಮೂಲ ಯಾವುದು? ಭಾರತೀಯ ಹವಾಮಾನ ಇಲಾಖೆಯ ಜಾಲತಾಣ ಅಥವಾ ಅದರ ‘ಮೌಸಮ್’ ಆ್ಯಪ್ ನೋಡಿ. ಕರ್ನಾಟಕದ ಮಟ್ಟಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿಯೂ ಸಿಗುತ್ತದೆ. ಶಾಲೆಗೆ ರಜೆಯೋ ಅಲ್ಲವೋ ಎಂಬುದನ್ನು ಜಿಲ್ಲಾಡಳಿತದ ಆದೇಶದಿಂದಲೇ ಖಚಿತ ಮಾಡಿಕೊಳ್ಳಿ.

5. ಬಣ್ಣದ ಅರ್ಥ ಗೊತ್ತೇ? ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನ ಇಟ್ಟಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. 24 ಗಂಟೆಯಲ್ಲಿ 64.5 ಮಿ.ಮೀ. ಮೀರಿದರೆ ‘ಭಾರಿ’, 115.6 ಮಿ.ಮೀ.ಯಿಂದ ‘ಅತಿ ಭಾರಿ’, 204.4 ಮಿ.ಮೀ. ಮೀರಿದರೆ ‘ಅತ್ಯಧಿಕ ಭಾರಿ’ ಮಳೆ ಎಂದು ಇಲಾಖೆ ವಿಂಗಡಿಸುತ್ತದೆ.

ಪದೇ ಪದೇ ಕೇಳುವ ಪ್ರಶ್ನೆಗಳು

ಉಪಗ್ರಹ ಚಿತ್ರದಲ್ಲಿ ನಮ್ಮ ಜಿಲ್ಲೆಯ ಮೇಲೆ ಕೆಂಪು ಕಾಣುತ್ತಿದೆ. ಭಾರಿ ಮಳೆ ಗ್ಯಾರಂಟಿಯೇ?

ಇಲ್ಲ. ಅವಗೆಂಪು (ಇನ್‌ಫ್ರಾರೆಡ್) ಚಿತ್ರದಲ್ಲಿ ಬಣ್ಣ ಹೇಳುವುದು ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂಬುದನ್ನು. ತುಂಬ ತಣ್ಣಗಿದ್ದರೆ ಮೋಡ ತುಂಬ ಎತ್ತರಕ್ಕೆ ಬೆಳೆದಿದೆ ಎಂದರ್ಥ. ಅಂಥ ಮೋಡ ಹಲವು ಸಲ ಜೋರು ಮಳೆ ತರುತ್ತದೆ, ಕೆಲವು ಸಲ ತರುವುದಿಲ್ಲ. ಚಿತ್ರದ ಕೆಂಪಿಗೂ ಇಲಾಖೆಯ ‘ರೆಡ್ ಅಲರ್ಟ್’ಗೂ ಸಂಬಂಧವಿಲ್ಲ.

‘ಭೂಮಿ ಸೂರ್ಯನಿಂದ ಶೇ 66ರಷ್ಟು ದೂರ ಹೋಗುತ್ತಿದೆ, ಚಳಿ ಹೆಚ್ಚಿ ಎಲ್ಲರಿಗೂ ಕೆಮ್ಮು ಜ್ವರ ಬರುತ್ತದೆ’ ಎಂಬ ಸಂದೇಶ ನಿಜವೇ?

ಸುಳ್ಳು. ಭೂಮಿ ಮತ್ತು ಸೂರ್ಯನ ನಡುವಿನ ಸರಾಸರಿ ದೂರ ಸುಮಾರು 14.96 ಕೋಟಿ ಕಿ.ಮೀ. ಜುಲೈ ಆರಂಭದಲ್ಲಿ ಅದು ಸುಮಾರು 15.21 ಕೋಟಿ ಕಿ.ಮೀ. ಆಗುತ್ತದೆ. ವ್ಯತ್ಯಾಸ ಶೇ 2ಕ್ಕಿಂತ ಕಡಿಮೆ, ಅದೂ ಪ್ರತಿ ವರ್ಷ ಆಗುವಂಥದ್ದು. ಜುಲೈನಲ್ಲಿ ನಮ್ಮಲ್ಲಿ ತಂಪಾಗಿದ್ದರೆ ಕಾರಣ ಮುಂಗಾರಿನ ಮೋಡ ಮತ್ತು ಮಳೆ.

‘ಇಂದು ರಾತ್ರಿ 12:30ರಿಂದ 3:30ರವರೆಗೆ ಕಾಸ್ಮಿಕ್ ಕಿರಣ ಹಾದುಹೋಗುತ್ತದೆ, ಮೊಬೈಲ್ ಆಫ್ ಮಾಡಿ’ ಎಂದು ನಾಸಾ ಹೇಳಿದೆಯೇ?

ಇಲ್ಲ. ವರ್ಷಗಳಿಂದ ದಿನಾಂಕವೇ ಇಲ್ಲದೆ ಸುತ್ತುತ್ತಿರುವ ಹಳೆಯ ಸುಳ್ಳು ಇದು. ‘ಇಂದು ರಾತ್ರಿ’ ಎಂದಷ್ಟೇ ಬರೆದಿದ್ದರೆ ಅದು ಯಾವತ್ತು ಕಳಿಸಿದರೂ ಹೊಸದಾಗಿಯೇ ಕಾಣುತ್ತದೆ.

ಉಪಗ್ರಹಕ್ಕೆ ಸುವೊಮಿ ಹೆಸರು ಬಂದದ್ದು ಯಾವಾಗ?

ಆ ಉಪಗ್ರಹ ಹಾರಿದ್ದು 2011ರ ಅಕ್ಟೋಬರ್ 28ರಂದು, ಆಗ ಅದರ ಹೆಸರು ಎನ್‌ಪಿಪಿ ಮಾತ್ರ. 2012ರ ಜನವರಿಯಲ್ಲಿ ನಾಸಾ ಅದಕ್ಕೆ ಸುವೊಮಿ ಹೆಸರು ಸೇರಿಸಿತು. ನಮ್ಮಲ್ಲೂ ಇಂಥ ಉದಾಹರಣೆ ಇದೆ. ಇಸ್ರೊ 2002ರ ಸೆಪ್ಟೆಂಬರ್‌ನಲ್ಲಿ ಹಾರಿಸಿದ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್‌ಗೆ, ಕಲ್ಪನಾ ಚಾವ್ಲಾ ಅವರ ನಿಧನದ ನಂತರ ಕಲ್ಪನಾ-1 ಎಂದು ಹೆಸರಿಡಲಾಯಿತು.

ಕೊನೆಯದಾಗಿ

1979ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಗಾಗಿ ಒಂದು ವರದಿ ತಯಾರಾಯಿತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿಯ ಸರಾಸರಿ ಉಷ್ಣತೆ ಸುಮಾರು 3 ಡಿಗ್ರಿ ಸೆಲ್ಸಿಯಸ್ ಏರಬಹುದು ಎಂದು ಅದು ಹೇಳಿತು. ಅದಕ್ಕೆ ಮುನ್ನುಡಿ ಬರೆದವರು ಸುವೊಮಿ. ಕಾದು ನೋಡೋಣ ಎಂದು ಕೂತರೆ ಕಾಲ ಮೀರಿಹೋಗಬಹುದು ಎಂದು ಅವರು ಅದರಲ್ಲಿ ಎಚ್ಚರಿಸಿದ್ದರು. ಗೋವಿನಜೋಳದ ಹೊಲದಲ್ಲಿ ಶಾಖದ ಜಮಾಖರ್ಚು ಬರೆದ ಮನುಷ್ಯನಿಗೆ, ಭೂಮಿಯ ಪುಸ್ತಕದಲ್ಲಿ ಜಮೆ ಹೆಚ್ಚಾಗಿ ಖರ್ಚು ಕಡಿಮೆಯಾದರೆ ಏನಾಗುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು.

ಸುವೊಮಿ 1995ರ ಜುಲೈ 30ರಂದು ತೀರಿಕೊಂಡರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಅವರಿಗೆ ಸಂದಿತ್ತು. ಅವರ ಹೆಸರಿನ ಉಪಗ್ರಹ ತೆಗೆದ ಅಸಲಿ ದೀಪಾವಳಿ ಚಿತ್ರ ನಾಸಾದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮುಂದಿನ ಹಬ್ಬಕ್ಕೆ ಆ ಬಣ್ಣದ ನಕ್ಷೆ ನಿಮ್ಮ ಮನೆಮಂದಿಯ ಗುಂಪಿಗೆ ಬಂದರೆ, ಕಳಿಸಿದವರನ್ನು ಗೇಲಿ ಮಾಡಬೇಡಿ. ಬಿಳಿ ಎಂದರೆ 1992ಕ್ಕೂ ಮೊದಲಿನ ಬೆಳಕು, ಕೆಂಪು ಎಂದರೆ 2003ರದ್ದು ಎಂದು ತಿಳಿಸಿ, ನಿಮ್ಮ ಊರು ಯಾವ ಬಣ್ಣದಲ್ಲಿದೆ ಎಂದು ಒಟ್ಟಿಗೆ ಹುಡುಕಿ. ಆ ನಕ್ಷೆಯಲ್ಲಿ ನಿಜವಾಗಿ ನೋಡಬೇಕಾದದ್ದು ಅದೇ.